ದೂರದ ದಾರಿ, ಊರಿನ ಧಾರಣೆ

ನೂರೈವತ್ತು ವರ್ಷಗಳಿಗೂ ಹಿಂದೆ, ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಹತ್ತಿಪೇಟೆಯಲ್ಲಿ 'ಕುಂಪ್ಟಾ' ಎಂಬ ಹೆಸರಿನ ಹತ್ತಿಯೊಂದು ಮಾರಾಟವಾಗುತ್ತಿತ್ತು. ಅದು ಉತ್ತರ ಕನ್ನಡದ ಕುಮಟಾ ಎಂಬ ಹೆಸರಿನ ಆಂಗ್ಲರೂಪ. ಆದರೆ ಮಳೆನಾಡಿನ ಆ ಕಡಲೂರಿನಲ್ಲಿ ಹತ್ತಿ ಬೆಳೆದವರು ಯಾರೂ ಇರಲಿಲ್ಲ. ಹತ್ತಿ ಬೆಳೆಯುತ್ತಿದ್ದುದು ಸಹ್ಯಾದ್ರಿಯ ಮೂಡಲಿಗಿರುವ ಕರಿನೆಲದ ಬಯಲಿನಲ್ಲಿ. ಗಾಡಿಯ ಮೇಲೆಯೂ ಹೇರೆತ್ತಿನ ಬೆನ್ನಿನ ಮೇಲೆಯೂ ಘಟ್ಟವಿಳಿದು ಬಂದ ಅಂಡಿಗೆಗಳು ಕುಮಟೆಯಲ್ಲಿ ಹಡಗು ಏರುತ್ತಿದ್ದವು. ಕೊಳ್ಳುವವನಿಗೆ ಗೊತ್ತಿದ್ದುದು ಬಂದರಿನ ಹೆಸರು ಮಾತ್ರ. ಹೊಲದ ಹೆಸರು ಘಟ್ಟದಲ್ಲಿಯೇ ಉಳಿದುಹೋಯಿತು.

ಯುರೋಪು ಮತ್ತು ಏಷ್ಯಾ ಖಂಡಗಳ ನಡುವೆ ಸರಕು ಸಾಗಿಸುವ ಹೊಸ ಹೊಸ ಹಾದಿಗಳ ಸುದ್ದಿ ಈಗ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಒಂದು ಹಾದಿ ಅರಬಸ್ಥಾನದ ಮರಳುಗಾಡನ್ನು ರೈಲಿನಲ್ಲಿ ದಾಟುವಂಥದು. ಇನ್ನೊಂದು ಇರಾನಿನ ಮೂಲಕ ರಷ್ಯಕ್ಕೆ ಹೋಗುವಂಥದು. ಬೆಳಗಿನ ಕಾಫಿ ಕುಡಿಯುತ್ತ ಇಂಥ ಸುದ್ದಿಯನ್ನು ಓದುವ ಗೃಹಸ್ಥರಿಗೆ ಅದು ರಾಯಭಾರಿಗಳ ವಿಷಯವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಕಾಫಿಯ ಸಕ್ಕರೆಗೂ ಆ ಸುದ್ದಿಗೂ ಸಂಬಂಧವಿದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ತಾಲೂಕುಗಳ ಚರಿತ್ರೆಯನ್ನು ತೆರೆದು ನೋಡಿದರೆ ಆ ಸಂಬಂಧ ಚೆನ್ನಾಗಿ ಕಾಣುತ್ತದೆ. ದೂರದ ಕಡಲಿನಲ್ಲಿ ಒಂದು ದಾರಿ ತೆರೆದಾಗ, ಇಲ್ಲವೆ ಮುಚ್ಚಿದಾಗ, ಈ ಸೀಮೆಯ ಹೊಲದ ಬೆಳೆ ಬದಲಾಗಿದೆ, ಮಗ್ಗದ ಸದ್ದು ನಿಂತಿದೆ, ಗಿರಣಿಯ ಗಾಲಿ ತಿರುಗಿದೆ.

ಘಟ್ಟವಿಳಿದ ಹತ್ತಿ

ಈ ಸೀಮೆಗೆ ಹತ್ತಿರದ ಕಡಲು ವೆಂಗುರ್ಲಾ. ಬೆಳಗಾವಿ ಕಡೆಯ ಸರಕು ಮೊದಲು ರಾಮಘಾಟಿನ ಕಡಿದಾದ ಹಾದಿಯಲ್ಲಿ ಎತ್ತಿನ ಬೆನ್ನಿನ ಮೇಲೆ ಇಳಿಯುತ್ತಿತ್ತು. ಮುಂದೆ ಆಂಬೋಲಿ ಘಟ್ಟದಲ್ಲಿ ಗಾಡಿರಸ್ತೆಯಾಯಿತು. ಹುಕ್ಕೇರಿ ತಾಲೂಕಿನ ಸಂಕೇಶ್ವರವು ಪುಣೆಯ ಹೆದ್ದಾರಿಯ ಮೇಲಿದ್ದುದರಿಂದ ವ್ಯಾಪಾರದ ದೊಡ್ಡ ತಂಗುದಾಣವಾಯಿತು. ಇಂದು ಸಂಕೇಶ್ವರದಿಂದ ಆಜ್ರಾ, ಆಂಬೋಲಿಗಳ ಮೇಲೆ ಬಾಂದಾಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯೂ ಆ ಹಳೆಯ ಘಟ್ಟದ ದಾರಿಯನ್ನೇ ಹಿಡಿದಿದೆ. ಬೆಟ್ಟವು ಎಲ್ಲಿ ದಾರಿ ಕೊಡುತ್ತದೆಯೋ ಅಲ್ಲಿಯೇ ಎತ್ತೂ ಲಾರಿಯೂ ನಡೆಯಬೇಕು.

ಆ ಕಾಲದ ಸಾಗಣೆಗೆ ಪ್ರಕೃತಿಯೇ ಒಂದು ಗಡುವು ಹಾಕಿತ್ತು. ಮುಂಗಾರು ಮಳೆ ಹಿಡಿಯಿತೆಂದರೆ ಪಡುವಣ ಕರಾವಳಿಯ ಸಣ್ಣ ಬಂದರುಗಳಲ್ಲಿ ಹಡಗಿನ ಓಡಾಟ ನಿಲ್ಲುತ್ತಿತ್ತು. ಹತ್ತಿ ಬಿಡಿಸಿ, ಬೀಜ ತೆಗೆದು, ಅಂಡಿಗೆ ಕಟ್ಟಿ, ಘಟ್ಟ ಇಳಿಸುವ ಕೆಲಸವೆಲ್ಲ ಮಳೆಗೆ ಮುಂಚೆ ಮುಗಿಯಬೇಕು. ಮುಗಿಯದಿದ್ದರೆ ಮಾಲು ತಿಂಗಳುಗಟ್ಟಲೆ ಕಾಯಬೇಕು. ಕಾಯುವ ಶಕ್ತಿ ಯಾರಿಗಿತ್ತು? ಸಾಲ ಮಾಡಿ ಬಿತ್ತಿದ ರೈತನಿಗಂತೂ ಇರಲಿಲ್ಲ. ಉಗ್ರಾಣವೂ ಕೈಯಲ್ಲಿ ಹಣವೂ ಇದ್ದ ಸಾಹುಕಾರನಿಗಿತ್ತು. ದಾರಿ ಕಠಿನವಾದಷ್ಟೂ ಲಾಭವು ಕಾಯಬಲ್ಲವನ ಕಡೆಗೆ ಸರಿಯುತ್ತದೆ ಎಂಬ ಮಾತು ಅಂದಿಗೂ ನಿಜವಾಗಿತ್ತು, ಇಂದಿಗೂ ಸುಳ್ಳಾಗಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ್ದು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಹಾಕಿದೊಡನೆ ಲಂಕಾಷೈರಿನ ಗಿರಣಿಗಳು ನಿಂತವು. ಲಕ್ಷಾಂತರ ಕಾರ್ಮಿಕರು ಹೊಟ್ಟೆಗಿಲ್ಲದೆ ಬಳಲಿದರು. ಇಂಥ ದಿನ ಬರಬಹುದೆಂದು ಶಂಕಿಸಿ ಮ್ಯಾಂಚೆಸ್ಟರಿನ ವ್ಯಾಪಾರಿಗಳು 1857ರಲ್ಲಿಯೇ ಹತ್ತಿ ಪೂರೈಕೆಯ ಸಂಘವೊಂದನ್ನು ಕಟ್ಟಿದ್ದರು. ಅವರ ಕಣ್ಣು ಧಾರವಾಡದ ಬಯಲಿನ ಮೇಲೆ ಬಿದ್ದುದಕ್ಕೆ ಕಾರಣವಿತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ತೋಟಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸಿನ ಬೀಜವನ್ನು ದೇಶದ ಹಲವೆಡೆ ಬಿತ್ತಿಸಿ ನೋಡಿತ್ತು. ಬಹುತೇಕ ಕಡೆ ಸೋತ ಆ ಪ್ರಯೋಗ ಧಾರವಾಡದ ಮಣ್ಣಿನಲ್ಲಿ ಫಲಿಸಿತ್ತು. ಉದ್ದನೆಯ ಎಳೆಯ ಆ ಹತ್ತಿಗೆ 'ಧಾರವಾಡ ಅಮೆರಿಕನ್' ಎಂಬ ಹೆಸರೇ ಬಂದಿತ್ತು.

ಹತ್ತಿಯಿದ್ದರೂ ದಾರಿಯಿರಲಿಲ್ಲ. ಮ್ಯಾಂಚೆಸ್ಟರಿನ ಜನ ಕಾರವಾರದ ಸಹಜ ಬಂದರನ್ನು ಅಭಿವೃದ್ಧಿಪಡಿಸಬೇಕೆಂದು ಒತ್ತಾಯಿಸಿದರು. ಹತ್ತಿ ಬೆಳೆಯುವ ಜಿಲ್ಲೆ ಮುಂಬಯಿ ಆಧಿಪತ್ಯಕ್ಕೂ ಅದರ ಕಡಲತೀರ ಮದ್ರಾಸಿಗೂ ಸೇರಿದ್ದುದು ಕೆಲಸಕ್ಕೆ ತೊಡಕೆಂದು ವಾದಿಸಿದರು. ಕೊನೆಗೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲಿಯೇ ಉಳಿಯಿತು. ಕನ್ನಡ ಕರಾವಳಿಯು ಸುಮಾರು ತೊಂಬತ್ತು ವರ್ಷ ಎರಡು ಆಡಳಿತಗಳಲ್ಲಿ ಹಂಚಿಹೋದುದಕ್ಕೆ ಹೀಗೆ ಮ್ಯಾಂಚೆಸ್ಟರಿನ ಹತ್ತಿಯ ಹಸಿವೂ ಒಂದು ಕಾರಣ.

ಬೆಲೆಯೇನೋ ಗಗನಕ್ಕೇರಿತು. ಬಯಲುಸೀಮೆಯ ರೈತ ಕಂಡರಿಯದಷ್ಟು ಹಣ ಕಂಡ. ಜೊತೆಗೆ ಹತ್ತಿಯಲ್ಲಿ ಮಣ್ಣು, ಬೀಜ, ನೀರು ಬೆರೆಸುವ ಚಾಳಿಯೂ ಬೆಳೆಯಿತು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಆದರೆ 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಮುಚ್ಚಿದ ದಾರಿ ಮತ್ತೆ ತೆರೆಯಿತು. ಧಾರಣೆ ಕುಸಿದ ಹೊಡೆತಕ್ಕೆ ಮುಂಬಯಿಯ ದೊಡ್ಡ ದೊಡ್ಡ ಸಾಹುಕಾರರೇ ದಿವಾಳಿಯಾದರು. ಹಣ ಬಂದಾಗ ಅದನ್ನು ಹೊಲ, ಎತ್ತು, ಒಡವೆಗಳ ಮೇಲೆ ಹಾಕಿದ ರೈತ ಹೇಗೋ ನಿಂತ. ಏರುವ ಧಾರಣೆಯನ್ನು ನಂಬಿ ಸಾಲಕ್ಕೆ ಕೈಯೊಡ್ಡಿದವನಿಗೆ ನಿಲ್ಲಲು ನೆಲವಿರಲಿಲ್ಲ.

ಕಾಲುವೆ, ಕಂಬಿ, ಜಲಪಾತ

1869ರ ನವೆಂಬರ್ 17ರಂದು ಸುಯೆಜ್ ಕಾಲುವೆ ತೆರೆಯಿತು. ಅದುವರೆಗೆ ಮುಂಬಯಿಯಿಂದ ಲಂಡನ್ನಿಗೆ ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಸುಮಾರು 19,750 ಕಿಲೋಮೀಟರ್ ಹೋಗಬೇಕಾಗಿತ್ತು. ಕಾಲುವೆಯ ಮೂಲಕ ಅದು ಸುಮಾರು 11,600 ಕಿಲೋಮೀಟರಿಗೆ ಇಳಿಯಿತು. ಮರುವರ್ಷವೇ ಕಡಲಡಿಯ ತಂತಿ ಮುಂಬಯಿಗೆ ತಲುಪಿತು. ಲಿವರ್‌ಪೂಲಿನ ಧಾರಣೆ ಮುಂಬಯಿಗೆ ತಿಳಿಯಲು ಈಗ ವಾರಗಳು ಬೇಕಿರಲಿಲ್ಲ. ತಂತಿಯ ಹತ್ತಿರ ಕುಳಿತವನಿಗೆ ನಾಳೆಯ ಬೆಲೆ ಇಂದೇ ಗೊತ್ತು. ಘಟ್ಟದ ಆಚೆ ಗಾಡಿ ಹೊಡೆಯುವವನಿಗೆ ನಿನ್ನೆಯ ಬೆಲೆ ಮಾತ್ರ ಗೊತ್ತು.

ಹತ್ತು ವರ್ಷ ಕಳೆಯುವುದರೊಳಗೆ ಬಂದುದು 1876–78ರ ಘೋರ ಬರಗಾಲ. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಅದರ ಬಾಯಿಗೆ ಬಿದ್ದವು. ಬೇರೆಡೆ ಕಾಳಿದ್ದರೂ ಅದನ್ನು ಒಳನಾಡಿಗೆ ತರುವ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ರೈಲುಮಾರ್ಗವಿಲ್ಲದ ನಾಡಿಗೆ ಬರಗಾಲ ಎಷ್ಟು ಕ್ರೂರವಾಗಬಲ್ಲುದು ಎಂಬುದು ಸರ್ಕಾರಕ್ಕೆ ಮನದಟ್ಟಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಅದರ ಕಂಬಿಗಳು ಗೋಕಾಕ ಸೀಮೆಯನ್ನು ಹಾಯ್ದುಹೋದವು. ಗೋಕಾಕ ಊರಿಗೆ ಮಾತ್ರ ರೈಲು ಬರಲಿಲ್ಲ. ಊರಿನಿಂದ ಸುಮಾರು ಎಂಟು ಮೈಲಿ ದೂರದ ನಿಲ್ದಾಣಕ್ಕೆ 'ಗೋಕಾಕ ರೋಡ್' ಎಂದು ಹೆಸರಾಯಿತು. ಇಂದಿಗೂ ಅದೇ ಹೆಸರು.

ಈ ಮಾರ್ಗ ಮೀಟರ್‌ಗೇಜಿನದು. ಮುಂಬಯಿ–ಪುಣೆ ಮಾರ್ಗವಾದರೋ ಬ್ರಾಡ್‌ಗೇಜು. ಆದುದರಿಂದ ಗೋಕಾಕದ ಕಡೆಯ ಮಾಲನ್ನು ಮುಂಬಯಿಗೆ ಒಯ್ಯಬೇಕಾದರೆ ಪುಣೆಯಲ್ಲಿ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದು ಡಬ್ಬಿಗೆ ಹೇರಬೇಕು. ಹಮಾಲಿ, ಹೊತ್ತು, ಸೋರಿಕೆ ಎಲ್ಲವೂ ಹೆಚ್ಚು. ಇದಕ್ಕೆ ಉಪಾಯವಾಗಿ ಬ್ರಿಟಿಷರು ಪೋರ್ತುಗೀಜರೊಡನೆ 1878ರಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಗೋವೆಯ ಮಾರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಘಟ್ಟವೇರುವ ಮೀಟರ್‌ಗೇಜ್ ಮಾರ್ಗ 1888ರಲ್ಲಿ ಸಿದ್ಧವಾಯಿತು. 37 ಅಡಿಗೆ ಒಂದು ಅಡಿಯಂತೆ ಏರುವ ಕಡಿದಾದ ಮಾರ್ಗವದು. ಲೋಂಡಾದ ಮೂಲಕ ಮಾಲು ಡಬ್ಬಿ ಬದಲಿಸದೆ ಕಡಲು ಸೇರುವಂತಾಯಿತು. ಕುಮಟಾ, ವೆಂಗುರ್ಲಾ ಬಂದರುಗಳ ಹತ್ತಿಯ ವೈಭವ ಅಲ್ಲಿಗೆ ಮುಗಿಯಿತು. ಕಾರವಾರ–ಹುಬ್ಬಳ್ಳಿ ರೈಲಿನ ಮಾತು ಆಗಲೇ ಎದ್ದಿದ್ದರೂ ಮೂಲೆಗೆ ಬಿತ್ತು. ಅದರ ತಂಗಿಯಂತಿರುವ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಯೋಜನೆ 1990ರ ದಶಕದ ಕೊನೆಯಲ್ಲಿ ಮಂಜೂರಾದರೂ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ದಶಕಗಳನ್ನು ಕಳೆದಿದೆ.

ಇದೇ ಕಾಲದಲ್ಲಿ ಘಟಪ್ರಭೆಯ ದಂಡೆಯ ಮೇಲೆ ಇನ್ನೊಂದು ಸಂಗತಿ ನಡೆಯಿತು. ಗೋಕಾಕದ ಬಳಿ ನದಿ ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತದೆ. ಆ ನೀರಿನ ಬಲವನ್ನು ನಂಬಿ 1885ರಲ್ಲಿ 'ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ' ಹುಟ್ಟಿತು. 1887ರ ಹೊತ್ತಿಗೆ ಜಲಪಾತದ ನೆತ್ತಿಯ ಮೇಲೆ ನೂಲಿನ ಗಿರಣಿ ನಡೆಯತೊಡಗಿತು. ಮುಂಬಯಿಯ ಗಿರಣಿಗಳಿಗೆ ಕಲ್ಲಿದ್ದಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದ ಕಾಲವದು. ಅಷ್ಟು ದೂರದ ಇದ್ದಲನ್ನು ಮತ್ತೆ ಒಳನಾಡಿಗೆ ಹೊತ್ತು ತಂದು ಗಿರಣಿ ನಡೆಸುವುದು ಆಗದ ಮಾತು. ಗೋಕಾಕದಲ್ಲಿ ನೀರೇ ಇದ್ದಲಾಯಿತು. ಹತ್ತಿ ಹತ್ತಿರವಿತ್ತು, ಕಂಬಿ ಬಂದಿತ್ತು, ಬಲ ನದಿಯಲ್ಲಿತ್ತು.

ಇದರ ಅರ್ಥವನ್ನು ಸ್ವಲ್ಪ ನಿಂತು ನೋಡಬೇಕು. ಅದುವರೆಗೆ ಹತ್ತಿ ಕಡಲು ದಾಟಿ ಹೋಗಿ, ನೂಲಾಗಿ ಬಟ್ಟೆಯಾಗಿ ಮತ್ತೆ ಕಡಲು ದಾಟಿ ಬರುತ್ತಿತ್ತು. ಎರಡು ಸಲದ ಬಾಡಿಗೆಯನ್ನೂ ನಡುವಿನ ಎಲ್ಲರ ಲಾಭವನ್ನೂ ತೆರುತ್ತಿದ್ದವರು ಇಲ್ಲಿಯ ಜನ. ಗಿರಣಿ ನಿಂತ ಮೇಲೆ ಹತ್ತಿಯ ಒಂದು ಪಾಲು ಇಲ್ಲಿಯೇ ನೂಲಾಯಿತು. ಕೂಲಿ ಇಲ್ಲಿಯೇ ಉಳಿಯಿತು. ಸಾವಿರಾರು ಸಂಸಾರಗಳ ಒಲೆ ಹೊತ್ತಿತು. ಆದರೆ ಎಲ್ಲರಿಗೂ ಒಳಿತಾಯಿತೆಂದು ಹೇಳಲಾಗದು. ಗೋಕಾಕ ಊರು ಹಿಂದೆ ನೇಯ್ಗೆಗೂ ಬಣ್ಣಗಾರಿಕೆಗೂ ಹೆಸರಾಗಿತ್ತು. ಹಡಗು, ಕಾಲುವೆ, ರೈಲುಗಳ ಮೇಲೆ ಬಂದ ಅಗ್ಗದ ಯಂತ್ರದ ಬಟ್ಟೆಯ ಮುಂದೆ ಆ ಕಸುಬುಗಳು ಕುಗ್ಗಿದವು. ಗಿರಣಿಯ ಕೂಲಿ ಒಬ್ಬನ ಮನೆಗೆ ಬಂದರೆ, ಮಗ್ಗದ ಗಳಿಕೆ ಇನ್ನೊಬ್ಬನ ಮನೆಯಿಂದ ಹೋಗಿತ್ತು.

ಮುಚ್ಚುವ ಬಾಗಿಲುಗಳು

ಕಾಲುವೆಯನ್ನು ಶಾಶ್ವತವೆಂದು ನಂಬಿದ ಲೋಕಕ್ಕೆ ಅದು ಹಲವು ಸಲ ಪಾಠ ಕಲಿಸಿದೆ. 1956ರ ಯುದ್ಧದಲ್ಲಿ ಸುಯೆಜ್ ಕೆಲವು ತಿಂಗಳು ಮುಚ್ಚಿತು. 1967ರಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆದುದು 1975ರಲ್ಲಿ. ಆ ಎಂಟು ವರ್ಷ ಭಾರತದ ಸರಕು ಮತ್ತೆ ವಾಸ್ಕೋ ಡ ಗಾಮನ ಹಳೆಯ ದಾರಿಯನ್ನೇ ಹಿಡಿಯಿತು. 2021ರ ಮಾರ್ಚಿಯಲ್ಲಿ 'ಎವರ್ ಗಿವನ್' ಎಂಬ 400 ಮೀಟರ್ ಉದ್ದದ ಹಡಗು ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಕಾಲುವೆಯ ಉಸಿರು ಕಟ್ಟಿಸಿತು. 2023ರ ನವೆಂಬರಿನಿಂದ ಯೆಮೆನಿನ ಹೂತಿಗಳು ಕೆಂಪು ಸಮುದ್ರದ ಹಡಗುಗಳ ಮೇಲೆ ದಾಳಿ ಮಾಡತೊಡಗಿದರು. 2024ರಲ್ಲಿ ಕಾಲುವೆ ದಾಟಿದ ಹಡಗುಗಳ ಸಂಖ್ಯೆ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಇಳಿಯಿತು.

ದಾರಿ ಉದ್ದವಾದರೆ ಎಣ್ಣೆಯ ಖರ್ಚಷ್ಟೇ ಹೆಚ್ಚುವುದೆಂದು ಭಾವಿಸಬಾರದು. ಆಫ್ರಿಕವನ್ನು ಸುತ್ತಿದರೆ ಒಂದು ಪ್ರಯಾಣಕ್ಕೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚು ಬೇಕು. ಹಾಗಾದಾಗ ಅದೇ ಹಡಗು ವರ್ಷದಲ್ಲಿ ಮಾಡುವ ಸುತ್ತುಗಳು ಕಡಿಮೆಯಾಗುತ್ತವೆ. ಖಾಲಿ ಪೆಟ್ಟಿಗೆಗಳು ಹಿಂತಿರುಗುವುದು ತಡವಾಗುತ್ತದೆ. ಹಡಗೂ ಸಾಲದು, ಪೆಟ್ಟಿಗೆಯೂ ಸಾಲದು, ಬಾಡಿಗೆ ಏರುತ್ತದೆ. ಅದರ ಮೇಲೆ ಯುದ್ಧಭಯದ ವಿಮೆ. ಬೆಲೆಬಾಳುವ ಔಷಧಿಗೋ ಯಂತ್ರದ ಬಿಡಿಭಾಗಕ್ಕೋ ಈ ಹೊರೆ ದೊಡ್ಡದಲ್ಲ. ತೂಕ ಹೆಚ್ಚು, ಬೆಲೆ ಕಡಿಮೆಯಿರುವ ನೂಲು, ಸಕ್ಕರೆಯಂಥ ಮಾಲಿಗೆ ಅದೇ ಹೊರೆ ಲಾಭವನ್ನೆಲ್ಲ ನುಂಗಿಹಾಕುತ್ತದೆ.

ಮುಚ್ಚಿದ ದಾರಿಯು ಹೊಸ ಬೆಳೆಯನ್ನು ಹುಟ್ಟಿಸುವುದೂ ಉಂಟು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ನೆಪೋಲಿಯನ್ನನ ಯುದ್ಧಗಳಿಂದ ವೆಸ್ಟ್ ಇಂಡೀಸಿನ ಕಬ್ಬಿನ ಸಕ್ಕರೆ ಫ್ರಾನ್ಸಿಗೆ ಬರುವುದು ನಿಂತುಹೋಯಿತು. 1811ರಲ್ಲಿ ಅವನು ಬೀಟ್ ಗೆಡ್ಡೆಯನ್ನು ಬೆಳೆಯುವಂತೆ ಅಪ್ಪಣೆ ಮಾಡಿದ. ಹಡಗು ಬಾರದ ಕೊರತೆಯಿಂದ ಬೆಳೆದ ಬೀಟ್ ಸಕ್ಕರೆ ಇಂದಿಗೂ ಯುರೋಪಿನ ಮನೆಮನೆಯಲ್ಲಿದೆ. ಧಾರವಾಡದ ಹತ್ತಿಗೆ ಬೆಲೆ ಬಂದುದೂ, ಫ್ರಾನ್ಸಿನ ಗೆಡ್ಡೆಗೆ ಬೆಲೆ ಬಂದುದೂ ಒಂದೇ ನಿಯಮದಿಂದ.

ಹೊಸ ಹಾದಿಗಳ ಲೆಕ್ಕ

ಒಂದೇ ಬಾಗಿಲನ್ನು ನಂಬಿ ಕೂರಬಾರದೆಂದು ದೇಶಗಳು ಬೇರೆ ದಾರಿಗಳನ್ನು ಹುಡುಕುವುದು ಸಹಜ. ಚೀನಾದ ಚಾಂಗ್‌ಚಿಂಗ್ ನಗರದಿಂದ ಜರ್ಮನಿಯ ಡೂಯಿಸ್‌ಬರ್ಗಿಗೆ 2011ರಿಂದ ಸರಕಿನ ರೈಲು ಓಡುತ್ತಿದೆ. ದೂರ ಸುಮಾರು 11,000 ಕಿಲೋಮೀಟರ್. ಭಾರತ, ಇರಾನ್, ರಷ್ಯಗಳು 2000ದಲ್ಲಿ ಉತ್ತರ–ದಕ್ಷಿಣ ಸಾರಿಗೆ ಮಾರ್ಗದ ಒಪ್ಪಂದ ಮಾಡಿಕೊಂಡವು. ಮುಂಬಯಿಯಿಂದ ಹಡಗಿನಲ್ಲಿ ಬಂದರ್ ಅಬ್ಬಾಸಿಗೆ, ಅಲ್ಲಿಂದ ನೆಲದ ಮೇಲೆಯೂ ಕ್ಯಾಸ್ಪಿಯನ್ ಸಮುದ್ರದ ಮೇಲೆಯೂ ರಷ್ಯಕ್ಕೆ, ಒಟ್ಟು ಸುಮಾರು 7,200 ಕಿಲೋಮೀಟರ್. ಆದರೆ ಇರಾನಿನ ರಶ್ತ್ ಮತ್ತು ಅಸ್ತಾರಾ ಊರುಗಳ ನಡುವೆ 162 ಕಿಲೋಮೀಟರ್ ಕಂಬಿಯ ಕೊರತೆಯಿತ್ತು. ಅದನ್ನು ಹಾಕುವ ಒಪ್ಪಂದವಾದುದು 2023ರಲ್ಲಿ. ಇಷ್ಟು ದೊಡ್ಡ ಹಾದಿಗೆ ಅಷ್ಟು ಚಿಕ್ಕ ತುಂಡು ಎರಡು ದಶಕಗಳ ಕಾಲ ಅಡ್ಡಿಯಾಗಿ ನಿಂತಿತು.

2023ರ ಸೆಪ್ಟೆಂಬರ್ 9ರಂದು ದೆಹಲಿಯ ಜಿ–20 ಸಮಾವೇಶದಲ್ಲಿ ಭಾರತ–ಮಧ್ಯಪ್ರಾಚ್ಯ–ಯುರೋಪ್ ಮಾರ್ಗದ ಘೋಷಣೆಯಾಯಿತು. ಭಾರತದ ಪಡುವಣ ಬಂದರಿನಿಂದ ಅರಬ್ ಸಂಸ್ಥಾನಗಳಿಗೆ ಹಡಗು. ಅಲ್ಲಿಂದ ಸೌದಿ ಅರೇಬಿಯ, ಜೋರ್ಡಾನ್‌ಗಳನ್ನು ರೈಲಿನಲ್ಲಿ ದಾಟಿ ಇಸ್ರೇಲಿನ ಹೈಫಾ. ಮತ್ತೆ ಹಡಗಿನಲ್ಲಿ ಯುರೋಪು. ನಕ್ಷೆಯ ಮೇಲೆ ಬಲು ಸೊಗಸಾದ ರೇಖೆ. ಆದರೆ ಘೋಷಣೆಯಾಗಿ ಒಂದು ತಿಂಗಳೊಳಗೆ, ಅಕ್ಟೋಬರ್ 7ರಂದು, ಆ ನೆಲದಲ್ಲಿಯೇ ಯುದ್ಧ ಹೊತ್ತಿತು. ಕಾಲುವೆಯ ಅಪಾಯದಿಂದ ತಪ್ಪಿಸಿಕೊಳ್ಳಲು ಎಳೆದ ರೇಖೆಯೂ ಅದೇ ಅಪಾಯದ ನೆರೆಯಲ್ಲಿಯೇ ಹಾಯ್ದುಹೋಗುತ್ತದೆ ಎಂಬುದು ಸ್ಪಷ್ಟವಾಯಿತು.

ರೈಲು ಹಡಗನ್ನು ಸೋಲಿಸಬಲ್ಲುದೇ ಎಂಬ ಪ್ರಶ್ನೆಗೆ ಸರಳ ಗಣಿತವೇ ಉತ್ತರ. 20 ಅಡಿಯ ಪೆಟ್ಟಿಗೆಯ ಲೆಕ್ಕದಲ್ಲಿ ಇಂಥ ಒಂದು ರೈಲು ಸುಮಾರು ನೂರನ್ನು ಎಳೆದೀತು. 'ಎವರ್ ಗಿವನ್'ನಂಥ ಹಡಗು ಸುಮಾರು 20,000ವನ್ನು ಹೊರುತ್ತದೆ. ಒಂದು ಹಡಗಿಗೆ ಇನ್ನೂರು ರೈಲುಗಳು. ರೈಲಿನ ಬಲವೆಂದರೆ ವೇಗ. ಹಡಗಿನ ಬಲವೆಂದರೆ ಅಗ್ಗ. ತುರ್ತಿನ, ಬೆಲೆಬಾಳುವ ಮಾಲು ರೈಲನ್ನು ಹುಡುಕೀತು. ಸಕ್ಕರೆ, ಹತ್ತಿ, ಅಕ್ಕಿಗಳು ಹಡಗನ್ನು ಬಿಡಲಾರವು. ಹಡಗಿನಿಂದ ರೈಲಿಗೆ, ರೈಲಿನಿಂದ ಹಡಗಿಗೆ ಮಾಲು ಬದಲಿಸುವ ಪ್ರತಿಯೊಂದು ಕಟ್ಟೆಯಲ್ಲಿಯೂ ಹಣವೂ ಹೊತ್ತೂ ಸೋರುತ್ತವೆ. ಚೀನಾದ ಕಂಬಿಗಿಂತ ಕಜಾಕಸ್ತಾನದ ಕಂಬಿ ಅಗಲ. ಪೋಲಂಡಿನ ಗಡಿಯಲ್ಲಿ ಮತ್ತೆ ಕಿರಿದು. ಪುಣೆಯಲ್ಲಿ ಹತ್ತಿಯ ಅಂಡಿಗೆ ಡಬ್ಬಿ ಬದಲಿಸುತ್ತಿದ್ದ ಕಷ್ಟವೇ ಅಲ್ಲಿಯೂ ಇದೆ. ಗೋಕಾಕ ಸೀಮೆಯ ಆ ತೊಡಕು ತೀರಿದುದು ಮಿರಜ–ಲೋಂಡಾ ಮಾರ್ಗ ಬ್ರಾಡ್‌ಗೇಜಾದ ಮೇಲೆ, ಸುಮಾರು ನೂರು ವರ್ಷಗಳ ನಂತರ.

ಕಬ್ಬಿನ ಚಿಕ್ಕ ದಾರಿ, ಸಕ್ಕರೆಯ ದೊಡ್ಡ ದಾರಿ

ಈ ನಡುವೆ ಮೂರು ತಾಲೂಕುಗಳ ಹೊಲ ಬದಲಾಗಿದೆ. ಧೂಪದಾಳದ ಒಡ್ಡು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಘಟಪ್ರಭೆಯ ನೀರನ್ನು ಕಾಲುವೆಗೆ ತಿರುಗಿಸಿತು. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು 1970ರ ದಶಕದಲ್ಲಿ ಆ ನೀರನ್ನು ಇನ್ನೂ ದೂರಕ್ಕೆ ಹಬ್ಬಿಸಿತು. ಜೋಳ, ಹತ್ತಿಗಳಿದ್ದ ಕಡೆ ಕಬ್ಬು ಎದ್ದು ನಿಂತಿತು. ಸಹಕಾರದ ಬಲದಿಂದ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ ಹುಟ್ಟಿತು. ಅದರ ಹಿಂದಿದ್ದ ಧುರೀಣ ಅಪ್ಪಣಗೌಡ ಪಾಟೀಲರ ಹೆಸರು 1969ರಲ್ಲಿ ಆರಂಭವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದೊಂದಿಗೂ ಸೇರಿಕೊಂಡಿದೆ. ಗೋಕಾಕದಿಂದ ಬೇರ್ಪಟ್ಟು ಹೊಸ ತಾಲೂಕಾದ ಮೂಡಲಗಿಯಲ್ಲಂತೂ ಕಬ್ಬಿನದೇ ರಾಜ್ಯ.

ಕಬ್ಬಿನ ಸ್ವಭಾವ ಹತ್ತಿಯಂಥದಲ್ಲ. ಹತ್ತಿ ತಿಂಗಳುಗಟ್ಟಲೆ ಕಾಯಬಲ್ಲುದು. ಕಡಿದ ಕಬ್ಬು ಒಂದು ದಿನ ಕಾದರೆ ರಸದ ಸಿಹಿ ಇಳಿಯತೊಡಗುತ್ತದೆ. ಆದುದರಿಂದ ಕಬ್ಬಿನ ದಾರಿ ಬಲು ಚಿಕ್ಕದು, ಹೊಲದಿಂದ ಹತ್ತಿರದ ಕಾರ್ಖಾನೆಯವರೆಗೆ. ಅಲ್ಲಿಂದಾಚೆ ಸಕ್ಕರೆಯ ದಾರಿ ಬಲು ದೊಡ್ಡದು. ಲೋಕದ ಸಕ್ಕರೆಯ ಧಾರಣೆ ಗೊತ್ತಾಗುವುದು ನ್ಯೂಯಾರ್ಕ್ ಮತ್ತು ಲಂಡನ್ ಪೇಟೆಗಳಲ್ಲಿ. ಭಾರತದ ಸಕ್ಕರೆ ಆ ಪೇಟೆಯ ಗಾಳಿಗೆ ತೆರೆದುಕೊಳ್ಳಬೇಕೋ ಬೇಡವೋ ಎಂಬುದನ್ನು ಕೇಂದ್ರ ಸರ್ಕಾರ ತೀರ್ಮಾನಿಸುತ್ತದೆ. 2022ರ ಜೂನಿನಿಂದ ರಫ್ತಿಗೆ ಕಡಿವಾಣ ಬಿತ್ತು. 2023–24ರ ಹಂಗಾಮಿನಲ್ಲಿ ರಫ್ತಿಗೆ ಅವಕಾಶವೇ ಇರಲಿಲ್ಲ. 2025ರ ಜನವರಿಯಲ್ಲಿ ಹತ್ತು ಲಕ್ಷ ಟನ್ನಿಗೆ ಅನುಮತಿ ದೊರೆಯಿತು. ಪಟ್ಟಣದ ಗೃಹಿಣಿಗೆ ಸಕ್ಕರೆ ದುಬಾರಿಯಾಗಬಾರದೆಂಬ ಕಾಳಜಿ ಇದರ ಹಿಂದಿದೆ, ಅದು ತಪ್ಪೆನ್ನಲಾಗದು. ಆದರೆ ಆ ಕಾಳಜಿಯ ಖರ್ಚನ್ನು ಯಾರು ಹೊರುತ್ತಾರೆ ಎಂಬುದನ್ನೂ ಕೇಳಬೇಕಾಗುತ್ತದೆ.

ಆ ಪ್ರಶ್ನೆಯನ್ನು ಮೂಡಲಗಿ ತಾಲೂಕಿನ ಗುರ್ಲಾಪುರದ ಕೂಡುರಸ್ತೆಯಲ್ಲಿ 2025ರ ಅಕ್ಟೋಬರ್ ಕೊನೆಯಲ್ಲಿ ಸಾವಿರಾರು ರೈತರು ಕುಳಿತು ಕೇಳಿದರು. ಟನ್ನು ಕಬ್ಬಿಗೆ 3,500 ರೂಪಾಯಿ ಕೊಡಬೇಕೆಂಬುದು ಅವರ ಬೇಡಿಕೆ. ಹೋರಾಟ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಹುಕ್ಕೇರಿ ತಾಲೂಕಿನ ಹತ್ತರಗಿಯ ಬಳಿ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಂಘರ್ಷವೂ ಆಯಿತು. ಕಾರ್ಖಾನೆಗಳವರು ಸಕ್ಕರೆಯ ಮಾರಾಟದ ಬೆಲೆ ಏರಿಲ್ಲವೆಂದರು; ರಾಜ್ಯ ಸರ್ಕಾರ ರಫ್ತಿನ ಕಡಿವಾಣದ ಕಡೆಗೆ, ಸಕ್ಕರೆಗೆ 2019ರಲ್ಲಿ ಗೊತ್ತುಮಾಡಿದ ಕಿಲೋಗೆ 31 ರೂಪಾಯಿಯ ಕನಿಷ್ಠ ಬೆಲೆಯ ಕಡೆಗೆ ಬೆರಳು ತೋರಿಸಿತು. ನವೆಂಬರ್ ಮೊದಲ ವಾರದ ಕೊನೆಯಲ್ಲಿ ಸರ್ಕಾರ ನಡುವೆ ನಿಂತು 3,300 ರೂಪಾಯಿಗೆ ತೀರ್ಮಾನ ಮಾಡಿಸಿತು.

ರೈತರು ಕುಳಿತುದು ರಸ್ತೆಯ ಮೇಲೆ ಎಂಬುದನ್ನು ಗಮನಿಸಬೇಕು. ಲಂಡನ್ನಿನ ಧಾರಣೆ ಅವರ ಕೈಯಲ್ಲಿಲ್ಲ. ಕೆಂಪು ಸಮುದ್ರ ಅವರ ಕೈಯಲ್ಲಿಲ್ಲ. ರಫ್ತಿನ ಪರವಾನಗಿ ದೆಹಲಿಯಲ್ಲಿದೆ. ಅಷ್ಟು ಉದ್ದದ ದಾರಿಯಲ್ಲಿ ಅವರ ಕೈಗೆ ಸಿಗುವುದು ತಮ್ಮೂರಿನ ಕೂಡುರಸ್ತೆಯೊಂದೇ. ಅದನ್ನು ತಡೆದರೆ ಮಾತ್ರ ಮಿಕ್ಕ ದಾರಿಯಲ್ಲಿರುವವರಿಗೆ ಅವರ ದನಿ ಕೇಳುತ್ತದೆ ಎಂಬುದು ಅವರ ಅನುಭವ. ಇಂಥ ಅನುಭವಕ್ಕೆ ದಾರಿಮಾಡಿಕೊಟ್ಟ ವ್ಯವಸ್ಥೆಯಲ್ಲಿ ಏನೋ ಕೊರತೆಯಿದೆಯೆಂದು ಒಪ್ಪಲೇಬೇಕು.

ಹೊಸ ಹಾದಿಗಳು ಬರಲಿ, ಬರುವುದು ಒಳ್ಳೆಯದೇ. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ತೆರೆದಿರುವ ಮನೆಯಲ್ಲಿ ಉಸಿರು ಕಟ್ಟುವುದಿಲ್ಲ. ಆದರೆ ಹೈಫಾದಲ್ಲಿ ರೈಲಿನಿಂದ ಪೆಟ್ಟಿಗೆ ಇಳಿಸುವ ಯಂತ್ರದ ಬಗ್ಗೆ ನಡೆಯುವಷ್ಟು ಚಿಂತನೆ, ಪೆಟ್ಟಿಗೆ ತುಂಬುವ ಕಡೆಯ ಬಗ್ಗೆಯೂ ನಡೆಯಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ತಾಲೂಕು ಕೇಂದ್ರಗಳಿಗೂ ಇಂದಿಗೂ ಊರೊಳಗೆ ರೈಲಿಲ್ಲ. ಗೋಕಾಕ ರೋಡ್, ಘಟಪ್ರಭಾ, ಪಾಶ್ಚಾಪುರ ನಿಲ್ದಾಣಗಳೇ ಆಸರೆ. ಅಲ್ಲಿಗೆ ಹೋಗುವ ರಸ್ತೆ, ಅಲ್ಲಿಯ ಉಗ್ರಾಣ, ಮಾಲನ್ನು ಒತ್ತೆಯಿಟ್ಟು ಸಾಲ ಪಡೆಯುವ ಅನುಕೂಲ, ಅಂದಂದಿನ ಧಾರಣೆಯ ತಿಳಿವಳಿಕೆ ಇವು ಸರಿಯಿದ್ದರೆ ರೈತನಿಗೂ ಕಾಯುವ ಶಕ್ತಿ ಬರುತ್ತದೆ. 1860ರ ದಶಕದಲ್ಲಿ ಅವನಿಗೆ ಇಲ್ಲದೆ ಹೋದುದು ಆ ಶಕ್ತಿಯೇ.

ಇನ್ನೊಂದು ಮಾತೂ ಈ ಚರಿತ್ರೆಯಿಂದ ಹೊರಡುತ್ತದೆ. ಗೋಕಾಕದ ಕರದಂಟನ್ನು ಕೊಂಡವರು ಅದನ್ನು ಗೋಕಾಕದ್ದೆಂದೇ ಹೇಳಿ ಹಂಚುತ್ತಾರೆ. ಹಗುರವಾದ ಮರದಲ್ಲಿ ಕೆತ್ತಿ ಬಣ್ಣ ಬಳಿದ ಗೋಕಾಕದ ಹಣ್ಣು, ಗೊಂಬೆಗಳು ಯಾವ ಊರಿನ ಗಾಜಿನ ಕಪಾಟಿನಲ್ಲಿದ್ದರೂ ಊರಿನ ಹೆಸರನ್ನು ಬಿಟ್ಟಿಲ್ಲ. ಕಚ್ಚಾ ಹತ್ತಿಯ ಅಂಡಿಗೆ ಮಾತ್ರ ತನ್ನ ಊರನ್ನು ಕಳೆದುಕೊಂಡು ಬಂದರಿನ ಹೆಸರಿನಲ್ಲಿ ಮಾರಾಟವಾಯಿತು. ಕೈಕೆಲಸ ಮುಗಿಸಿ ಹೊರಟ ಸರಕು ಎಷ್ಟು ದೂರ ಹೋದರೂ ತವರಿನ ಹೆಸರನ್ನು ಒಯ್ಯುತ್ತದೆ. ಅದರ ಬೆಲೆಯ ಒಂದು ಪಾಲನ್ನು ತವರಿಗೆ ಬಿಟ್ಟೂ ಹೋಗುತ್ತದೆ. ಯುರೋಪಿಗೆ ಹೊಸ ಹಾದಿ ಹಾಕುವವರೂ, ಆ ಹಾದಿಯ ಮೇಲೆ ಏನನ್ನು ಕಳುಹಿಸಬೇಕೆಂದು ಯೋಚಿಸುವವರೂ ಇದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಘಟಪ್ರಭೆಯ ದಂಡೆಯ ಜನರಿಗೆ ಆ ದಾರಿ ಅಷ್ಟು ದೂರದ್ದೆಂದು ತೋರಲಾರದು.